ಗೆರೆಯಾಚೆಯ ಆಟಗಾರರು

ಸುಗ್ಗಿ ಮುಗಿದು, ಹೊಗೆಸೊಪ್ಪಿನ ಹರಾಜೂ ಕೊನೆಗೆ ಬಂತೆಂದರೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿಯ ಕಾಲ. ಅಂಕಣದೊಳಗೆ ಹದಿನಾಲ್ಕು ಮಂದಿ, ಹಗ್ಗದಾಚೆ ಊರಿಗೆ ಊರೇ. ಕಿಚಾಯಿಸುವವರಿಲ್ಲದೆ ಆಟ ರಂಗೇರುವುದಿಲ್ಲ, ನಿಜ. ಆದರೆ ಬಾಯಿಗೂ ಒಂದು ಗೆರೆ ಬೇಡವೇ?

ರಾತ್ರಿ ಒಂಬತ್ತೂವರೆ. ಊರ ಶಾಲೆಯ ಮೈದಾನದಲ್ಲಿ ನೀರು ಚಿಮುಕಿಸಿ ಹದ ಮಾಡಿದ ಮಣ್ಣು, ಸುಣ್ಣದ ಗೆರೆ, ನಾಲ್ಕು ಮೂಲೆಗೂ ದೀಪದ ಕಂಬ. ಫ್ಲೆಕ್ಸಿನಲ್ಲಿ ಮುಖಂಡರು ಸಾಲಾಗಿ ಕೈ ಮುಗಿದು ನಿಂತಿದ್ದಾರೆ. ಬಹುಮಾನದ ಟಗರು ವೇದಿಕೆಯ ಪಕ್ಕ ಕಟ್ಟಿಸಿಕೊಂಡು ಸೊಪ್ಪು ಮೆಲ್ಲುತ್ತಿದೆ.

ರೈಡರ್ ಎದುರಾಳಿ ಅಂಕಣಕ್ಕೆ ನುಗ್ಗಿದ. ಹಿಂದಿನ ಎರಡು ರೈಡ್ ಖಾಲಿ. ಈ ಸಲ ಪಾಯಿಂಟ್ ತರಬೇಕು, ಇಲ್ಲವೇ ಔಟ್. ಹಗ್ಗಕ್ಕೆ ಒರಗಿದವರ ಬಾಯಿಗೆ ಬಿಡುವಿಲ್ಲ.

“ಏನ್ಲಾ, ಬೋನಸ್ ಗೆರೆ ಏನ್ ಕರೆಂಟ್ ಹೊಡೀತದಾ? ಮುಟ್ಟಾಕೇ ಹೋಗ್ತಿಲ್ವಲ್ಲ!”

“ಮುದ್ದೆ ಉಂಡ್ಕಂಡ್ ಬಂದಿಲ್ವಾ ಮಗ?”

ಮೈಕ್ ಹಿಡಿದವನೂ ಸುಮ್ಮನಿರುವವನಲ್ಲ: “ನೋಡಿ ವೀಕ್ಷಕರೇ, ನಮ್ ರೈಡರ್ ನೆಂಟ್ರ ಮನೆಗ್ ಹೋದಂಗೆ ಹೋಗಿ, ಕಾಪಿ ಕುಡ್ದು, ಹೋಗ್ಬತ್ತೀನಿ ಅಂತ ಹೇಳಿ ವಾಪಸ್ ಬತ್ತಾವ್ರೆ!” ಮೈದಾನವೆಲ್ಲ ಗೊಳ್ಳೆಂದಿತು. ಎದುರಾಳಿ ಕ್ಯಾಪ್ಟನ್ ನಕ್ಕ. ರೈಡರ್ ಕೂಡ ತುಟಿ ಕಚ್ಚಿ ನಕ್ಕು, ತೊಡೆ ತಟ್ಟಿ ಮತ್ತೆ ಮುಂದಕ್ಕೆ ಹೆಜ್ಜೆ ಇಟ್ಟ.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಇನ್ನೊಂದು ದನಿ. ಅದು ಬೋನಸ್ ಗೆರೆಯ ಮಾತಾಗಿರಲಿಲ್ಲ. ಆ ಹುಡುಗನ ಅಪ್ಪನ ಕುಡಿತದ ಮಾತು. ರೈಡರ್ ತಲೆ ಎತ್ತಿ ದನಿ ಬಂದ ಕಡೆ ನೋಡಿದ. ಆ ಒಂದು ಕ್ಷಣಕ್ಕೆ ಕಾದಿದ್ದ ಎಡಮೂಲೆಯವನು ಪಾದ ಹಿಡಿದ. ಉಳಿದವರು ಮೇಲೆ ಬಿದ್ದರು. ತೀರ್ಪುಗಾರ ಸೀಟಿ ಊದಿದ: ಔಟ್.

ಪಾಯಿಂಟ್ ಲೆಕ್ಕಕ್ಕೆ ಸೇರಿತು. ಆ ಮಾತನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಕೂಗಿದವನ ಹೆಸರೂ ಗೊತ್ತು

ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹಗ್ಗ ಕಟ್ಟುವುದು ಅದರಿಂದ ನಾಲ್ಕೈದು ಹೆಜ್ಜೆ ಆಚೆ. ಅಂದರೆ ಮೊದಲ ಸಾಲಿನಲ್ಲಿ ಕೂತವನು ಕೆಮ್ಮಿದರೂ ರೈಡರ್‌ಗೆ ಕೇಳುತ್ತದೆ.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಾಗಲ್ಲ. ಅಲ್ಲಿ ಸಾವಿರಾರು ಕೊರಳು ಸೇರಿ ಒಂದೇ ಗದ್ದಲವಾಗುತ್ತದೆ. ಯಾರು ಏನು ಬೈದರು ಎಂಬುದು ಬೌಂಡರಿ ಗೆರೆಯಲ್ಲಿ ನಿಂತವನಿಗಷ್ಟೇ ಗೊತ್ತಾದೀತು. ದೊಡ್ಡ ಆಟಗಾರನಿಗೆ ಸಂಬಳವಿದೆ, ಕಾವಲಿದೆ, ಪಂದ್ಯ ಮುಗಿದ ಮೇಲೆ ಬಾಗಿಲು ಮುಚ್ಚಿಕೊಳ್ಳುವ ಬಸ್ಸಿದೆ.

ಹಳ್ಳಿ ಟೂರ್ನಿಯ ಹುಡುಗನಿಗೆ ಇದೊಂದೂ ಇಲ್ಲ. ಹಗಲು ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ಹಾಕುವವನು, ಹುಣಸೂರಿನ ಮರದ ಡಿಪೋದಲ್ಲಿ ದಿಮ್ಮಿ ಹೊರುವವನು, ಮೈಸೂರಿನ ಕಾರ್ಖಾನೆಗೆ ಬೆಳಗಿನ ಬಸ್ಸು ಹಿಡಿಯುವವನು. ತಂಡದ ಪ್ರವೇಶ ಶುಲ್ಕಕ್ಕೆ ಏಳು ಜನ ಜೇಬು ತಡಕಾಡಿ ಹಣ ಹೊಂದಿಸಿರುತ್ತಾರೆ. ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದರೆ, ನಿನ್ನೆ ರಾತ್ರಿ ಕೂಗಿದವನೇ ಅಲ್ಲಿ ಕ್ಯಾನ್ ಹಿಡಿದು ನಿಂತಿರುತ್ತಾನೆ.

ಕೂಗುವವನಿಗೆ ಆಟಗಾರನ ಮನೆ ಗೊತ್ತು, ಆಟಗಾರನಿಗೆ ಕೂಗಿದವನ ಮನೆ ಗೊತ್ತು. ಸಣ್ಣ ಮೈದಾನದ ಸೊಗಸಿಗೂ ಅದೇ ಕಾರಣ, ಹೊಡೆದಾಟಕ್ಕೂ ಅದೇ ಕಾರಣ.

ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ನಡೆಯುವ ಕೆಳಹಂತದ ಬೇಸ್‌ಬಾಲ್ ಲೀಗ್‌ಗಳದ್ದೂ ಇದೇ ಪಾಡು. ಅಲ್ಲಿ 120 ತಂಡಗಳಿವೆ. ಕಡಿಮೆ ದುಡ್ಡಿನ ಟಿಕೆಟ್, ಆಟಗಾರನ ಬೆವರು ಕಾಣುವಷ್ಟು ಹತ್ತಿರದ ಸೀಟು. ಇನ್ನೂ ದೊಡ್ಡ ಲೀಗಿನ ಬಾಗಿಲು ತಟ್ಟುತ್ತಿರುವ ಹುಡುಗನ ಕಿವಿಗೆ ಪ್ರತಿ ಮಾತೂ ನೇರವಾಗಿ ಬೀಳುತ್ತದೆ. ಆಟ ಬೇರೆ, ಭಾಷೆ ಬೇರೆ, ಮೊದಲ ಸಾಲಿನ ಕಾಟ ಒಂದೇ.

ಗರಡಿ ಕಲಿಸಿದ ಪಾಠ

ಹಾಗಾದರೆ ನಮ್ಮ ಸೀಮೆಗೆ ಪ್ರೇಕ್ಷಕನ ಶಿಸ್ತು ಗೊತ್ತೇ ಇರಲಿಲ್ಲವೇ? ಇತ್ತು. ಅದನ್ನು ಕಲಿಸಿದ್ದು ಗರಡಿಮನೆ.

ದಸರಾ ಸಮಯದಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣಕ್ಕೆ ಒಮ್ಮೆ ಹೋಗಿ ಕೂರಬೇಕು. ಹೆಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಅವರದ್ದು. ಸಾಹುಕಾರ್ ಚನ್ನಯ್ಯ ಕುಸ್ತಿ ಅಖಾಡವಿರುವುದೂ ಇಲ್ಲೇ. ಸುತ್ತಲಿನ ತಾಲ್ಲೂಕುಗಳ ಪೈಲ್ವಾನರು ಮಟ್ಟಿಗೆ ಇಳಿಯುವ ಜಾಗ.

ಇಲ್ಲಿ ಜಗಳಕ್ಕೆ ಎಡೆಗೊಡದ ಮೊದಲ ಕೆಲಸ ಹಬ್ಬಕ್ಕೂ ಮುಂಚೆಯೇ ನಡೆಯುತ್ತದೆ. ಅದು ಜೋಡಿ ಕಟ್ಟುವ ಕಾರ್ಯಕ್ರಮ. ಮೈಕಟ್ಟು, ವಯಸ್ಸು, ಅನುಭವ ಹೊಂದಿಸಿ, ಹಿರಿಯ ಉಸ್ತಾದರ ಎದುರಿನಲ್ಲೇ ಯಾರಿಗೆ ಯಾರು ಎಂದು ತೀರ್ಮಾನವಾಗುತ್ತದೆ. ಸರಿಜೋಡಿ ಬಿದ್ದರೆ ‘ಮೋಸ’ ಎಂದು ಕೂಗಲು ಕಾರಣವೇ ಉಳಿಯುವುದಿಲ್ಲ.

ಆಮೇಲಿನದು ಕೂಗು. ನಾಡಕುಸ್ತಿಯಲ್ಲಿ ಸದ್ದಿಗೇನೂ ಬರವಿಲ್ಲ. “ಸೊಂಟ ಹಿಡಿ!”, “ಕತ್ತು ಬಿಡಬ್ಯಾಡ!”, “ಕಾಲ್ ಒಳಗ್ ಹಾಕು!” ಎಂದು ಸುತ್ತ ಕೂತವರೆಲ್ಲ ಪಟ್ಟು ಹೇಳಿಕೊಡುವವರೇ. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ನಿಂತು ಹೊತ್ತು ಕಳೆದರೆ ಗೇಲಿ ಶುರು: “ಏನ್ರಪ್ಪಾ, ಮಾತುಕತೆ ನಡೀತಾ ಐತಾ?” ಚಿತ್ ಆದ ಕೂಡಲೇ ಹೋ ಎಂಬ ಕೂಗು.

ಗೆದ್ದವನು ಅಖಾಡ ಸುತ್ತುವಾಗ ಪ್ರೇಕ್ಷಕರು ನೋಟು ಕೈಗಿಡುತ್ತಾರೆ. ಚೆನ್ನಾಗಿ ಹಿಡಿದು ಸೋತವನಿಗೂ ಚಪ್ಪಾಳೆ ಉಂಟು, ಎಷ್ಟೋ ಸಲ ದುಡ್ಡೂ ಉಂಟು. ಬಾಯಿ ಮೀರಿದವನನ್ನು ಗದರಲು ಪೊಲೀಸರೇ ಬರಬೇಕೆಂದಿಲ್ಲ. ಅಖಾಡದ ಅಂಚಿನಲ್ಲಿ ಪೇಟ ಸುತ್ತಿ ಕೂತ ಉಸ್ತಾದ್ ತಿರುಗಿ ನೋಡಿದರೆ ಸಾಕು. ಆತ ಪೈಲ್ವಾನರಿಗಷ್ಟೇ ಗುರುವಲ್ಲ, ಆ ಮೂಲೆಯ ಪ್ರೇಕ್ಷಕರಿಗೂ ಗುರು.

ಇದಕ್ಕಿಂತ ಬಿಗಿಯಾದ ಕಟ್ಟುಪಾಡು ವಿಜಯದಶಮಿಯ ದಿನ ಅಂಬಾವಿಲಾಸ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ್ದು. ಜಟ್ಟಿಗಳಿಬ್ಬರಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ‘ಇನ್ನೊಂದು ಏಟು ಹಾಕು’ ಎಂದು ಹುರಿದುಂಬಿಸುವ ಅವಕಾಶವೇ ನೋಡುವವರಿಗಿಲ್ಲ. ನಿಲ್ಲಿಸುವ ಘಳಿಗೆ ಮೊದಲೇ ನಿಗದಿ.

ಎದುರಾಳಿಯನ್ನು ಕೆಣಕುವುದು ಕುಸ್ತಿಗೆ ಹೊಸದೇನಲ್ಲ. ರಣಧೀರ ಕಂಠೀರವನ ಕತೆ ಈ ಕಡೆ ಯಾರಿಗೆ ಗೊತ್ತಿಲ್ಲ? 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋದರಂತೆ. ಅಲ್ಲಿನ ಜಟ್ಟಿ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗುಹಾಕಿದ್ದನಂತೆ. ಒಳಹೋಗುವವರು ಅದರಡಿ ನುಸುಳಿಯೇ ಹೋಗಬೇಕು. ಕಂಠೀರವರು ಬೇರೆ ದಾರಿ ಹಿಡಿದು ಒಳಹೊಕ್ಕು, ಅಖಾಡದಲ್ಲೇ ಅವನ ಲೆಕ್ಕ ಚುಕ್ತಾ ಮಾಡಿದರು ಎನ್ನುತ್ತದೆ ಕತೆ. ಅವಮಾನಕ್ಕೆ ಉತ್ತರ ಕೊಡುವ ಜಾಗ ಅಖಾಡವೇ ಹೊರತು ಬೀದಿಯಲ್ಲ ಎಂಬುದನ್ನು ನಮ್ಮ ಹಿರಿಯರು ಈ ಕತೆಯಲ್ಲೇ ಹೇಳಿಬಿಟ್ಟಿದ್ದಾರೆ.

◼ ಚೌಕಟ್ಟಿನಲ್ಲಿ: ಮೂರು ಪಂದ್ಯ, ಮೂರು ಗ್ಯಾಲರಿ

1996ರ ಮಾರ್ಚ್ 9, ಬೆಂಗಳೂರು: ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಅಮೀರ್ ಸೊಹೇಲ್ ಬೌಂಡರಿ ಬಾರಿಸಿ, ಅತ್ತ ಬ್ಯಾಟ್ ತೋರಿಸಿ ಬೌಲರ್‌ನನ್ನು ಕೆಣಕಿದರು. ನಮ್ಮ ವೆಂಕಟೇಶ್ ಪ್ರಸಾದ್ ಮರುಚೆಂಡಿಗೇ ಬೌಲ್ಡ್ ಮಾಡಿದರು. ಭಾರತ ಗೆದ್ದಿತು.

ಮಾರ್ಚ್ 13, ಕೋಲ್ಕತ್ತ: ಸೆಮಿಫೈನಲ್. ಭಾರತ 8 ವಿಕೆಟ್‌ಗೆ 120 ಆಗಿದ್ದಾಗ ಈಡನ್ ಗಾರ್ಡನ್ಸ್‌ನಲ್ಲಿ ಬಾಟಲಿ ಎಸೆತ, ಬೆಂಕಿ. ಆಟ ನಿಂತಿತು, ಪಂದ್ಯ ಶ್ರೀಲಂಕಾಕ್ಕೆ ಹೋಯಿತು.

1999ರ ಜನವರಿ 31, ಚೆನ್ನೈ: ಭಾರತ 12 ರನ್‌ಗಳಿಂದ ಟೆಸ್ಟ್ ಸೋತಿತು. ಗ್ಯಾಲರಿ ಎದ್ದು ನಿಂತು ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿತು. ವಾಸಿಂ ಅಕ್ರಂ ಪಡೆ ಮೈದಾನ ಸುತ್ತಿ ವಂದಿಸಿತು.

ಮೈಕ್ ಹಿಡಿದವನೇ ಮೇಸ್ತ್ರಿ

ಗರಡಿಯಿಂದ ಹೊನಲು ಬೆಳಕಿಗೆ ಬಂದಾಗ ಕಳೆದುಹೋದದ್ದು ಉಸ್ತಾದ್. ಅವನ ಜಾಗಕ್ಕೆ ಬಂದದ್ದು ಮೈಕ್.

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹಳ್ಳಿಯ ಆಟಕ್ಕೂ ಹೊಸ ಮೆರುಗು ಬಂತು. ಸೂಪರ್ ಟ್ಯಾಕಲ್, ಆಲೌಟ್, ಡು ಆರ್ ಡೈ ಎಲ್ಲ ಈಗ ಅಜ್ಜಿಯರ ಬಾಯಲ್ಲೂ ಇವೆ. ಬೆಂಗಳೂರು ಬುಲ್ಸ್ ಆರನೇ ಆವೃತ್ತಿಯ ಕಪ್ ಗೆದ್ದಾಗ ಈ ಕಡೆಯೂ ಪಟಾಕಿ ಸಿಡಿದಿತ್ತು. ಅದರ ಜೊತೆಗೇ ಟಿ.ವಿ. ಕಾಮೆಂಟರಿಯ ಗತ್ತು ಊರ ಮೈಕಿಗೂ ಬಂತು.

ಒಳ್ಳೆಯ ವೀಕ್ಷಕ ವಿವರಣೆಗಾರ ಎಂದರೆ ಈ ಟೂರ್ನಿಗಳ ಅರ್ಧ ಆಕರ್ಷಣೆ. ಆತ ಗೇಲಿಯ ಮಟ್ಟ ನಿಗದಿ ಮಾಡುತ್ತಾನೆ. ಆಟದ ಎಡವಟ್ಟನ್ನು ಹಾಸ್ಯ ಮಾಡಿದರೆ ಜನವೂ ಅದನ್ನೇ ಹಿಡಿಯುತ್ತಾರೆ. ಪಕ್ಕದೂರಿನ ತಂಡವನ್ನು ಊರ ಹೆಸರು ಹಿಡಿದು ಹೀಯಾಳಿಸಿದರೆ, ಐದು ನಿಮಿಷದಲ್ಲಿ ಹಗ್ಗ ಸಡಿಲವಾಗುತ್ತದೆ, ಕುರ್ಚಿ ಹಾರುತ್ತವೆ.

ಕಬಡ್ಡಿಯ ನಿಯಮದಲ್ಲಿ ಅಶಿಸ್ತಿನ ಆಟಗಾರನಿಗೆ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ, ಕೋಚ್‌ಗೂ ಇವೆ. ಪ್ರೇಕ್ಷಕನಿಗೆ ಕಾರ್ಡಿಲ್ಲ. ಹಳ್ಳಿಯಲ್ಲಿ ಆ ಕಾರ್ಡು ಮೈಕ್ ಹಿಡಿದವನ ನಾಲಗೆಯಲ್ಲೇ ಇದೆ. “ಹಿಂದ್ಗಡೆ ನೀಲಿ ಟವಲ್ ಅಣ್ಣ, ನಿಮ್ ಮಾತು ಮೈಕಿಲ್ದೇನೇ ಇಲ್ಲಿಗಂಟ ಕೇಳ್ತಾ ಐತೆ, ಸ್ವಲ್ಪ ಸಮಾಧಾನ” ಎಂದರೆ ಸಾಕು. ಊರೆಲ್ಲ ತಿರುಗಿ ನೋಡುವಾಗ ನೀಲಿ ಟವಲ್ ತಾನಾಗಿ ಕುಳಿತುಕೊಳ್ಳುತ್ತದೆ. ಆರು ಸಿಪಾಯಿಗಳಿಂದ ಆಗದ ಕೆಲಸವದು.

ಅಂಕಣಕ್ಕೆ ಇಳಿದ ಹೆಣ್ಣುಮಕ್ಕಳು

ಹೆಣ್ಣುಮಕ್ಕಳ ಪಂದ್ಯ ಬಂದರೆ ಗೇಲಿಯ ಬಣ್ಣವೇ ಬೇರೆ. ರೈಡ್ ಹೇಗಿತ್ತು ಎಂಬುದು ಬಿಟ್ಟು, ಚಡ್ಡಿ ಎಷ್ಟುದ್ದ, ಮೈ ಎಷ್ಟು ದಪ್ಪ, ಮದುವೆ ಯಾವಾಗ ಎಂಬ ಮಾತು ಹಗ್ಗದಾಚೆಯಿಂದ ಹಾರಿಬರುತ್ತದೆ. ಆ ಮಾತು ಆಡುವವರಿಗೆ ಅದು ತಮಾಷೆ. ಕೇಳಿಸಿಕೊಂಡ ಅಪ್ಪ ಮುಂದಿನ ಟೂರ್ನಿಗೆ ಮಗಳನ್ನು ಕಳಿಸಲು ಎರಡು ಸಲ ಯೋಚಿಸುತ್ತಾನೆ. ಒಂದು ಕೂಗಿಗೆ ಒಂದು ತಂಡವೇ ಕರಗಬಹುದು.

ಹಾಗೆ ಕರಗದೆ ಉಳಿದವರು ಏನಾದರು ನೋಡಿ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಎರಡು ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ತೇಜಸ್ವಿನಿ ಬಾಯಿ ಅವರಿಗೆ 2011ರಲ್ಲೇ ಅರ್ಜುನ ಬಂದಿತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮದೇ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಬಿರುದೇ ಇದೆ. ಹಗ್ಗದಾಚೆಯವರು ಮಾತ್ರ ಇನ್ನೂ ಹಳೆಯ ಕಾಲದಲ್ಲೇ ಕೂತಿದ್ದಾರೆ.

ಕಾಕನ ನೆಲದಲ್ಲಿ

ಕಬಿನಿ ದಂಡೆಯ ಕಾಕನಕೋಟೆ ಎಂದರೆ ಹೊರಗಿನವರಿಗೆ ಖೆಡ್ಡಾ ನೆನಪಾಗುತ್ತದೆ. ಕಾಡಾನೆ ಹಿಂಡನ್ನು ಹೊಳೆಗೆ ನೂಕಿ ಹಿಡಿಯುತ್ತಿದ್ದ ಆ ಕಾರ್ಯಾಚರಣೆ 1971ರಲ್ಲಿ ಕೊನೆಯ ಬಾರಿ ನಡೆಯಿತು. ಕನ್ನಡ ಓದುಗರಿಗೆ ನೆನಪಾಗುವುದು ಮಾಸ್ತಿಯವರ ನಾಟಕ, ಅದನ್ನಾಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ಚಿತ್ರ, ಕಾಡಿನ ಕುರುಬರ ಯಜಮಾನ ಕಾಕ.

ಕಾಕನ ಹೆಸರು ಹೊತ್ತ ಈ ಸೀಮೆಯಲ್ಲೇ, ಜೇನುಕುರುಬ, ಕಾಡುಕುರುಬ, ಯರವ, ಸೋಲಿಗ ಹಾಡಿಗಳಿಂದ ಆಡಲು ಬಂದ ಹುಡುಗರನ್ನು ‘ಹಾಡಿಯವ್ನೇ’ ಎಂದು ಕೂಗುವವರಿದ್ದಾರೆ. ಆಶ್ರಮಶಾಲೆಯ ಅಂಗಳದಲ್ಲಿ ಬರಿಗಾಲಲ್ಲಿ ಕಬಡ್ಡಿ ಕಲಿತ ಹುಡುಗ ಅಂಕಣದಲ್ಲಿ ಪಾದ ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ. ಅವನ ಹಿಡಿತಕ್ಕೆ ಉತ್ತರ ಸಿಗದಾಗ ಅವನ ಹುಟ್ಟಿಗೆ ಕೈ ಹಾಕುತ್ತಾರೆ. ದಲಿತ ಕೇರಿಯ ತಂಡಗಳಿಗೂ ಇದೇ ಅನುಭವ.

ಪಕ್ಕದ ಕೊಡಗಿನಲ್ಲಿ ಮನೆಯ ಹೆಸರನ್ನೇ ಮೈದಾನಕ್ಕೆ ತಂದರು, ಆದರೆ ತಂದ ಬಗೆ ಬೇರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೊಡವ ಹಾಕಿ ಹಬ್ಬದಲ್ಲಿ ತಂಡದ ಹೆಸರೆಂದರೆ ಮನೆತನದ ಹೆಸರೇ. 60 ಕುಟುಂಬಗಳಿಂದ ಶುರುವಾದದ್ದು 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಿಗೆ ಬೆಳೆಯಿತು. ಅಲ್ಲಿ ಗ್ಯಾಲರಿಯಲ್ಲಿ ಕೂತ ಅಜ್ಜಿ ತನ್ನ ಮನೆ ಹೆಸರು ಕೂಗಿದರೆ ಅದು ಅಭಿಮಾನ. ಮನೆಯ ಮಾತು ಮೈದಾನಕ್ಕೆ ಬರಬಹುದು, ಬರುವುದಾದರೆ ಹೀಗೆ ಬರಲಿ.

◼ ಚೌಕಟ್ಟಿನಲ್ಲಿ: ಕಾನೂನಿನ ಗೆರೆ

● ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಸಮುದಾಯಗಳಿಗೆ ಸೇರದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮೈದಾನಕ್ಕೆ ವಿನಾಯಿತಿ ಇಲ್ಲ.

● 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು.

ಗಂಗೋತ್ರಿಯ ಹುಲ್ಲಿನ ಮೇಲೆ

ಹಳ್ಳಿಯಿಂದ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಮೈಸೂರಿನ ಮಾನಸಗಂಗೋತ್ರಿಯ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನ. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿ ಟಿ20 ಇಲ್ಲಿಗೂ ಬಂತು. ಕರ್ನಾಟಕ ತಂಡದ ಬಾಗಿಲಲ್ಲಿ ನಿಂತ ಹುಡುಗರು, ಆ ಬಾಗಿಲಿಂದ ಹೊರಬಿದ್ದವರು, ಇಬ್ಬರೂ ಸೇರುವ ಜಾಗ ಇಂಥ ಲೀಗುಗಳು.

ಕರುಣ್ ನಾಯರ್ ಅವರನ್ನೇ ನೋಡಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಅಜೇಯ 303 ಹೊಡೆದವರು. ಮುಂದೆ ಭಾರತ ತಂಡದಿಂದ ಹೊರಬಿದ್ದರು, ಕರ್ನಾಟಕ ತಂಡದಿಂದಲೂ ಹೊರಬಿದ್ದರು. ‘ಮುಗೀತು ಇವರ ಕತೆ’ ಎಂದವರೆಷ್ಟೋ. ಅದೇ ಕರುಣ್ ಮೈಸೂರು ವಾರಿಯರ್ಸ್‌ನ ನಾಯಕರಾಗಿ 2024ರಲ್ಲಿ ಮಹಾರಾಜ ಟ್ರೋಫಿ ಎತ್ತಿದರು. 2025ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಭಾರತದ ಟೆಸ್ಟ್ ಟೋಪಿ ತೊಟ್ಟರು. ಸಣ್ಣ ಲೀಗಿನಲ್ಲಿ ಕಂಡವನನ್ನು ‘ಮುಗಿದವನು’ ಎಂದು ಕೂಗುವ ಮುಂಚೆ ನಾಲಗೆ ಒಮ್ಮೆ ತಡವರಿಸಿದರೆ ಕೂಗುವವನಿಗೇ ಒಳ್ಳೆಯದು.

ದೊಡ್ಡ ಮೈದಾನಗಳಲ್ಲೂ ಇದೇ ಪಾಠ ನಡೆಯುತ್ತಿದೆ. 2019ರ ವಿಶ್ವಕಪ್‌ನಲ್ಲಿ ಸ್ಟೀವ್ ಸ್ಮಿತ್‌ರನ್ನು ಗೇಲಿ ಮಾಡುತ್ತಿದ್ದ ಭಾರತದ ಅಭಿಮಾನಿಗಳತ್ತ ತಿರುಗಿ, ಚಪ್ಪಾಳೆ ತಟ್ಟಿ ಎಂದು ಸನ್ನೆ ಮಾಡಿದ್ದು ವಿರಾಟ್ ಕೊಹ್ಲಿ. ಆ ನಡೆಗೆ ಐಸಿಸಿಯ ಕ್ರೀಡಾಸ್ಫೂರ್ತಿ ಪ್ರಶಸ್ತಿ ಸಿಕ್ಕಿತು. 2007ರಲ್ಲಿ ಮುಂಬೈಯಲ್ಲಿ ಆಂಡ್ರ್ಯೂ ಸೈಮಂಡ್ಸ್‌ರನ್ನು ಕೋತಿ ಎಂದು ಅಣಕಿಸಿದವರನ್ನು ಹೊರಹಾಕಲಾಯಿತು. 2021ರಲ್ಲಿ ಸಿಡ್ನಿಯಲ್ಲಿ ನಮ್ಮ ಮೊಹಮ್ಮದ್ ಸಿರಾಜ್ ದೂರಿದಾಗ ಆರು ಮಂದಿಯನ್ನು ಹೊರಕಳಿಸಲಾಯಿತು. ಅಣಕ ನಮ್ಮ ಕಡೆಯಿಂದ ಹೋದಾಗ ತಮಾಷೆ, ನಮ್ಮ ಕಡೆಗೆ ಬಂದಾಗ ಅವಮಾನ ಎಂದರೆ ನ್ಯಾಯವಲ್ಲ.

2025ರ ಜೂನ್‌ನಲ್ಲಿ ಷಿಕಾಗೊದ ಬೇಸ್‌ಬಾಲ್ ಮೈದಾನದಲ್ಲೂ ಇಂಥದ್ದೇ ನಡೆಯಿತು. ಅರಿಜೋನಾ ತಂಡದ ಕೆಟೆಲ್ ಮಾರ್ಟೆ ಬ್ಯಾಟಿಂಗ್‌ಗೆ ಬಂದಾಗ 22ರ ಹರೆಯದ ಪ್ರೇಕ್ಷಕನೊಬ್ಬ, ಅಪಘಾತದಲ್ಲಿ ತೀರಿಕೊಂಡ ಆತನ ತಾಯಿಯ ಮಾತೆತ್ತಿ ಕೂಗಿದ. ಮಾರ್ಟೆ ಮೈದಾನದಲ್ಲೇ ಕಣ್ಣೀರಿಟ್ಟರು. ಕೂಗಿದವನಿಗೆ ದೊಡ್ಡ ಲೀಗಿನ ಎಲ್ಲ ಮೈದಾನಗಳಿಗೂ ಅನಿರ್ದಿಷ್ಟ ನಿಷೇಧ ಬಿತ್ತು.

ಮೊಲ ಮಾರುವವನ ಪ್ರತಿಮೆ

ಹಾಗಾದರೆ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೇ? ಖಂಡಿತ ಬೇಡ. ಸುಮ್ಮನೆ ಕೂರುವ ಜನರಿರುವ ಕಬಡ್ಡಿ ಯಾರಿಗೆ ಬೇಕು?

ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಅದು ಆಟಗಾರನದ್ದಲ್ಲ, ಕೂಗುವವನದ್ದು. ಹೆಸರು ಸ್ಟೀಫನ್ ಗ್ಯಾಸ್ಕಾಯ್ನ್, ಜನ ಕರೆಯುತ್ತಿದ್ದುದು ‘ಯಬ್ಬಾ’ ಎಂದು. ಬೀದಿಯಲ್ಲಿ ಮೊಲ ಕೂಗಿ ಮಾರುತ್ತಿದ್ದ ಮನುಷ್ಯ, 1942ರಲ್ಲಿ ತೀರಿಕೊಂಡ. 2008ರಲ್ಲಿ ಪ್ರತಿಮೆ ನಿಂತಿತು. ಇಂಗ್ಲೆಂಡಿನ ಜಾಕ್ ಹಾಬ್ಸ್ ಆ ಮೈದಾನದಲ್ಲಿ ಕೊನೆಯ ಸಲ ಆಡಿದಾಗ ಅವನನ್ನು ಹುಡುಕಿಕೊಂಡು ಹೋಗಿ ಕೈ ಕುಲುಕಿದರೆಂದು ಹೇಳುತ್ತಾರೆ. ಎದುರಾಳಿಗಳೂ ಅವನ ಮಾತಿಗೆ ನಗುತ್ತಿದ್ದರು, ಏಕೆಂದರೆ ಅವನಿಗೆ ಆಟ ಗೊತ್ತಿತ್ತು.

ನಮ್ಮಲ್ಲೂ ಅಂಥವರಿದ್ದಾರೆ. ಸಂಕ್ರಾಂತಿಗೆ ಚುಂಚನಕಟ್ಟೆಯ ದನದ ಜಾತ್ರೆಯಿಂದ ಹಿಡಿದು ಶಿವರಾತ್ರಿಯಿಂದ ಯುಗಾದಿವರೆಗೆ ನಡೆಯುವ ಕಪ್ಪಡಿ ಜಾತ್ರೆವರೆಗೆ, ಈ ಸೀಮೆಯಲ್ಲಿ ಮಾತಿನ ಮಲ್ಲರಿಗೆ ಬರವೇ? ಅವರ ಒಂದು ಕೂಗಿಗೆ ರೈಡರ್‌ನೇ ನಗುತ್ತಾನೆ, ನಕ್ಕು ಮುಂದಿನ ರೈಡ್‌ಗೆ ಹುರುಪಾಗುತ್ತಾನೆ.

◼ ಚೌಕಟ್ಟಿನಲ್ಲಿ: ಹಗ್ಗದಾಚೆಯವರಿಗೆ ಐದು ಮಾತು

1. ರೈಡ್, ಹಿಡಿತ, ಓಟ, ಕ್ಯಾಚ್ ಬಗ್ಗೆ ಎಷ್ಟು ಬೇಕಾದರೂ ಕೂಗಿ.
2. ಜಾತಿ, ಅಪ್ಪ-ಅಮ್ಮ, ಮೈ, ಬಡತನ ಇವು ಅಂಕಣದ ಹೊರಗೆ.
3. ಗಾಯವಾಗಿ ಬಿದ್ದವನು ಏಳುವ ತನಕ ಬಾಯಿ ಬಿಗಿ.
4. ತೀರ್ಪುಗಾರನ ತಪ್ಪನ್ನು ತಂಡದ ಕ್ಯಾಪ್ಟನ್ ಕೇಳಲಿ, ನೀವು ಹಗ್ಗ ದಾಟಬೇಡಿ.
5. ಪಕ್ಕದೂರಿನವರು ಗೆದ್ದರೂ ಚಪ್ಪಾಳೆ ತಟ್ಟಿ. ಮುಂದಿನ ವಾರ ಟೂರ್ನಿ ಅವರೂರಿನಲ್ಲಿ.

ಸಂಘಟಕರು ಮಾಡಬಹುದಾದ ಕೆಲಸವೂ ದೊಡ್ಡದೇನಲ್ಲ. ಟ್ರೋಫಿಗೆ, ದೀಪಕ್ಕೆ, ಫ್ಲೆಕ್ಸಿಗೆ ಖರ್ಚು ಮಾಡುವವರು ಮೈಕ್ ಯಾರ ಕೈಗೆ ಕೊಡಬೇಕು ಎಂದು ಇನ್ನಷ್ಟು ಯೋಚಿಸಲಿ. ಎಲ್ಲರೂ ಮಾತು ಕೇಳುವಂಥ ಹಿರಿಯ ಆಟಗಾರರೊಬ್ಬರನ್ನು ಹಗ್ಗದ ಪಕ್ಕ ಕೂರಿಸಲಿ. ಮೊದಲ ಪಂದ್ಯಕ್ಕೂ ಮುಂಚೆ ನಿಯಮ ಓದುವಾಗ ಪ್ರೇಕ್ಷಕರ ನಿಯಮವನ್ನೂ ಓದಲಿ.

ಉಳಿದದ್ದು ಕೂಗುವವರಿಗೆ ಬಿಟ್ಟದ್ದು. ಆಟ ನೋಡಬಲ್ಲವನಿಗೆ ರೇಗಿಸಲು ಆಟದಲ್ಲೇ ಬೇಕಾದಷ್ಟು ಸರಕಿದೆ: ತಪ್ಪಿದ ಹೆಜ್ಜೆ, ಜಾರಿದ ಹಿಡಿತ, ಮುಟ್ಟದೆ ಬಿಟ್ಟ ಬೋನಸ್ ಗೆರೆ. ಎದುರಾಳಿಯ ಅಪ್ಪನ ಸುದ್ದಿಗೆ, ಜಾತಿಯ ಸುದ್ದಿಗೆ ಹೋಗುವವನು ಆಟವನ್ನೇ ನೋಡುತ್ತಿಲ್ಲ. ಅಂಥವನಿಗೆ ಮೊದಲ ಸಾಲಿನ ಜಾಗವೇಕೆ?